ಗಾಳಿ ಕರೆಯುವವನ ತುಟಿ

ಆ ವರ್ಷ ಬಿಳಿಜೋಳದ ಸುಗ್ಗಿ ಅರ್ಧ ಮುಗಿದು ಇನ್ನರ್ಧ ಕಣದಲ್ಲಿ ಇರುವಾಗ ನನ್ನ ಕೆಳತುಟಿ ನಟ್ಟನಡುವೆ ಸೀಳಿತು. ಸಿಪ್ಪೆ ಏಳುವುದು, ಒಡೆಯುವುದು, ನಕ್ಕರೆ ರಕ್ತ ಜಿನುಗುವುದು ಇವೆಲ್ಲ ನಮ್ಮ ಮನೆತನಕ್ಕೆ ಹೊಸದಲ್ಲ. ಗಾಳಿ ಕರೆಯುವವರ ತುಟಿ ಇರುವುದೇ ಹಾಗೆ. ಕರೆದ ಗಾಳಿ ಮೊದಲು ಬಂದು ತಾಕುವುದು ಕರೆದವನ ತುಟಿಗೆ, ಆಮೇಲೆ ಊರಿಗೆ. ನಮ್ಮಪ್ಪನ ತುಟಿ ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದಂತೆ ಇತ್ತು. ತೀರಿಕೊಂಡ ನನ್ನ ಅಣ್ಣನದೂ ಹಾಗೆಯೇ. ಆದರೆ ಈ ಸಲದ ಸೀಳು ಬೇರೆ ತರಹದ್ದು. ಬೆಳಿಗ್ಗೆ ಬಾಯಿ ತೊಳೆಯುವಾಗ ಉಗುರಿನ ಅಂಚು ಅದರೊಳಗೆ ಕೂತಿತು. ಸಿಳ್ಳೆ ಹಾಕಲು ತುಟಿ ಮುಂದೆ ಮಾಡಿದರೆ ಉಸಿರೆಲ್ಲ ಸೀಳಿನಿಂದ ಸೋರಿಹೋಗಿ ಬರೀ ಉಗುಳು ಸಿಡಿಯಿತು.

ನಮ್ಮೂರಿಗೆ ಗಾಳಿ ತಾನಾಗಿ ಬರುವುದಿಲ್ಲ. ಸಿಳ್ಳೆ ಹಾಕಿ ಕರೆದರೆ ಬರುತ್ತದೆ, ಕರೆದವನು ಸುಮ್ಮನಾದ ಸ್ವಲ್ಪ ಹೊತ್ತಿಗೆ ಹೊರಟುಹೋಗುತ್ತದೆ. ಬೆಳಿಗ್ಗೆ ಒಲೆ ಹೊತ್ತಿಸಿದರೆ ಪ್ರತಿ ಮನೆಯ ಮೇಲೂ ಹೊಗೆ ಕಂಬದಂತೆ ನೆಟ್ಟಗೆ ನಿಂತಿರುತ್ತದೆ. ಎಲೆ ಉದುರಿದರೆ ತನ್ನ ಗಿಡದ ಬುಡಕ್ಕೇ ಬೀಳುತ್ತದೆ. ನಿಮ್ಮ ಬೇವಿನ ಎಲೆ ನಮ್ಮ ಅಂಗಳಕ್ಕೆ ಬಂತೆಂದು ನಮ್ಮಲ್ಲಿ ಯಾರೂ ಜಗಳವಾಡಿದ್ದಿಲ್ಲ. ಒಣಹಾಕಿದ ಬಟ್ಟೆಗೆ ಕ್ಲಿಪ್ಪು ಬೇಡ. ಶಾಲೆಯ ಬಾವುಟ ಹಾರಬೇಕಾದರೆ ಹೆಡ್‌ಮಾಸ್ತರರು ಹಿಂದಿನ ದಿನವೇ ಹೇಳಿ ಕಳಿಸುತ್ತಾರೆ. ಬೀಸಣಿಗೆ, ಕರೆಂಟಿನ ಫ್ಯಾನು ಎಲ್ಲರ ಮನೆಯಲ್ಲೂ ಇವೆ. ಆದರೆ ಅವು ಇದ್ದ ಗಾಳಿಯನ್ನೇ ಅತ್ತಿಂದಿತ್ತ ದೂಡುತ್ತವೆ, ಹೊಸದನ್ನು ತರುವುದಿಲ್ಲ.

ಒಂದು ಕಾಲಕ್ಕೆ ಓಣಿಗೊಬ್ಬ ಕರೆಯುವವನಿದ್ದ. ಈಗ ಉಳಿದವನು ನಾನೊಬ್ಬ. ಮೇಲಿನೋಣಿಯ ಮುದುಕನಿಗೆ ಮುಂದಿನ ಹಲ್ಲು ಹೋಗಿ ಸಿಳ್ಳೆ ನಿಂತಿತು. ಹೊಸಬರು ಯಾರೂ ಕಲಿಯಲು ಬರಲಿಲ್ಲ. ಬಂದವರೂ ಒಂದು ಸುಗ್ಗಿ ಮುಗಿಯುವಷ್ಟರಲ್ಲಿ ಕನ್ನಡಿ ನೋಡಿಕೊಂಡು ಬಿಟ್ಟುಹೋದರು. ಕಾರಣ, ಈ ಕೆಲಸಕ್ಕೆ ಒಂದು ಕಟ್ಟುಪಾಡಿದೆ. ಕರೆಯುವವನ ತುಟಿಗೆ ಜಿಡ್ಡು ಸೋಕಬಾರದು. ಎಣ್ಣೆ, ಬೆಣ್ಣೆ, ತುಪ್ಪ ಏನೂ ಕೂಡದು. ಜಿಡ್ಡಿನ ತುಟಿಯ ಮೇಲೆ ಗಾಳಿ ಕಾಲು ಜಾರಿ ಬೀಳುತ್ತದೆ, ಬಿದ್ದ ಗಾಳಿ ಮತ್ತೆ ಆ ಮನೆತನದ ಕರೆಗೆ ಓಗೊಡುವುದಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದ. ಸುಗ್ಗಿಯ ಎರಡು ತಿಂಗಳು ಆತ ಕಟಕ್ ರೊಟ್ಟಿಗೆ ಒಣ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತಿದ್ದ. ನಾನೂ ಹಾಗೆಯೇ ತಿಂದುಕೊಂಡು ಬಂದವನು. ದವಾಖಾನೆಯಲ್ಲಿ ಕೊಟ್ಟ ಮುಲಾಮನ್ನು ತಂದು ಗೂಡಿನಲ್ಲಿಟ್ಟೆ, ಮುಟ್ಟಲಿಲ್ಲ.

ಊರಿನ ರಾಶಿಗಳು ನಿಂತರೆ ನಿಲ್ಲಲಿ, ನಾಲ್ಕು ದಿನ ಬಯ್ಯುತ್ತಾರೆ ಅಂದುಕೊಳ್ಳಬಹುದಿತ್ತು. ನನಗೆ ಹೆದರಿಕೆಯಾದದ್ದು ಮನೆಯ ಕಾರಣಕ್ಕೆ.

ನನ್ನ ಹೆಂಡತಿ ಸಾಂವಕ್ಕ ಹೊಳೆಯಾಚೆಯವಳು. ಅವಳ ತವರಿನಲ್ಲಿ ಗಾಳಿ ಹಗಲೂರಾತ್ರಿ ತನ್ನಷ್ಟಕ್ಕೆ ಬೀಸುತ್ತದೆ. ಮದುವೆಯಾಗಿ ಬಂದ ಮೊದಲ ವಾರ ಅವಳು ಕಿಟಕಿಯ ಬಳಿ ನಿಂತು, "ಇಲ್ಲಿ ಏನೂ ಅಳ್ಳಾಡೂದ ಇಲ್ಲೇನ್ರಿ?" ಎಂದು ಕೇಳಿದ್ದಳು. ನಾನು ಅಂಗಳಕ್ಕೆ ಇಳಿದು ಒಂದು ಸಿಳ್ಳೆ ಹಾಕಿದೆ. ಅವಳ ತಲೆಯ ಮೇಲಿನ ಸೆರಗು ಹಾರಿ ಬೆನ್ನಿಗೆ ಬಿತ್ತು. ಅವಳು ಅದನ್ನು ಸರಿಮಾಡಿಕೊಳ್ಳದೆ ಹಾಗೇ ನಿಂತಿದ್ದಳು. ಹನ್ನೆರಡು ವರ್ಷದ ಕೆಳಗೆ ಅವಳಿಗೆ ದಮ್ಮು ಶುರುವಾಯಿತು. ಮಧ್ಯಾಹ್ನ ಊಟವಾಗಿ ಹೆಂಚು ಕಾದಮೇಲೆ, ಮನೆಯೊಳಗಿನ ಗಾಳಿ ಗಂಜಿಯಂತೆ ದಪ್ಪಗಾದಾಗ, ಅವಳ ಎದೆ ಮುಚ್ಚಿಕೊಳ್ಳುತ್ತಿತ್ತು. ಡಾಕ್ಟರು ಗುಳಿಗೆ ಕೊಟ್ಟು, "ಗಾಳಿ ಆಡೂ ಜಾಗಾದಾಗ ಕೂಡಸ್ರಿ" ಎಂದರು. ಅಂದಿನಿಂದ ಊರ ಕೆಲಸ ಎಲ್ಲಿದ್ದರೂ ಆ ಹೊತ್ತಿಗೆ ಮನೆಗೆ ಬಂದು, ಕಿಟಕಿಯ ಹೊರಗೆ ಓಣಿಯಲ್ಲಿ ನಿಂತು ಅವಳಿಗಾಗಿ ಕರೆಯುತ್ತೇನೆ. ಭರ್ರೆಂದು ಬರುತ್ತದೆ. ಕಿಟಕಿಯ ಬಾಗಿಲು ಗೋಡೆಗೆ ಬಡಿಯುವಷ್ಟು. ಅವಳು ಒಳಗೆ ಕೆಮ್ಮುತ್ತಾಳೆ, ಕೆಮ್ಮಿ ಕೆಮ್ಮಿ ಕೊನೆಗೆ ಸುಮ್ಮನಾಗುತ್ತಾಳೆ. ಒಳಗೆ ಇಣುಕಿ ಕೇಳಿ, ಎದೆ ಸಡಿಲವಾಯಿತು ಎಂದು ತಿಳಿದು ನಾನು ತುಟಿ ಒರೆಸಿಕೊಂಡು ಮತ್ತೆ ಕಣಕ್ಕೆ ಹೋಗುತ್ತೇನೆ.

ಸೀಳು ಬಿದ್ದ ಮೇಲೆ ಬಾಯಿಯ ಬಲಮೂಲೆಯಿಂದ ಕರೆದು ನೋಡಿದೆ. ದಾರದ ಎಳೆಯಷ್ಟು ಬಂತು. ನಾಲ್ಕು ದಿನ ಅದರಲ್ಲೇ ಸಾಗಿಸಿದೆ. ಐದನೆಯ ದಿನ ಆ ಮೂಲೆಯೂ ಒಡೆಯಿತು.

ಕಣದಲ್ಲಿ ಗುರುಸಿದ್ದವ್ವನ ರಾಶಿ ಕಾಯುತ್ತಿತ್ತು. ಅರವತ್ತು ದಾಟಿದ ಹೆಂಗಸು, ಒಬ್ಬಳೇ ನಿಂತು ಒಕ್ಕಲುತನ ಮಾಡಿಸುವವಳು, ಮಾತು ಕುಡುಗೋಲಿನಂತೆ. ತೂರುವ ಆಳು ಯಮನೂರಪ್ಪ ಮೂರುಗಾಲಿನ ಎತ್ತರದ ಮಣೆಯ ಮೇಲೆ ಹತ್ತಿ, ಕಾಳು ಹೊಟ್ಟು ಕೂಡಿದ ಮೊರ ಹಿಡಿದು ನಿಂತಿದ್ದ. ನಾನು ಸಿಳ್ಳೆ ಹಾಕಲು ಹೋಗಿ ಉಗುಳು ಸಿಡಿಸಿದೆ.

"ಮಾವಾ, ಗಾಳಿ ಕರೀ ಅಂದ್ರ ಮಳಿ ಕರ್ಯಾಕತ್ತೀಯಲ್ಲ," ಎಂದ ಯಮನೂರಪ್ಪ ಮೇಲಿನಿಂದ.

ಹೆಂಗಸರು ನಕ್ಕರು. ನನಗೂ ನಗು ಬಂತು, ಬಂದದ್ದೇ ತಡ ಸೀಳು ಬಿಚ್ಚಿ ಗದ್ದಕ್ಕೆ ರಕ್ತ ಇಳಿಯಿತು. ನಗು ನಿಂತಿತು.

"ದರ್ಜಿ ಕಡೆ ಹೋಗಿ ಎರಡ ಹೊಲಿಗಿ ಹಾಕಿಸ್ಕೊಂಡ ಬಾ, ಹುಚ್ಚೀರಪ್ಪ," ಎಂದಳು ಗುರುಸಿದ್ದವ್ವ. ಹಾಸ್ಯದ ಮಾತಾದರೂ ದನಿ ಹಾಸ್ಯದ್ದಾಗಿರಲಿಲ್ಲ. "ಅಷ್ಟರ ತನಕ ನಾ ರಾಶಿ ಮ್ಯಾಲ ತಾಡಪಾಲ ಹೊಚ್ಚತೀನಿ."

ಅಲ್ಲಿಂದ ಮನೆಗೆ ಹೋಗುವ ದಾರಿಯಲ್ಲಿ ಪೇಟೆ ಸಿಗುತ್ತದೆ. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಶಮಶಾದ್ ಎನ್ನುವ ಹೆಣ್ಣುಮಗಳು ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಅವಳು ಮೆಟ್ಟಿಲ ಮೇಲೆ ನಿಂತು ನನ್ನನ್ನೇ ಕಾಯುತ್ತಿದ್ದಳು. ಒಳಗೆ ಮದುಮಗಳೊಬ್ಬಳು ಎರಡೂ ಕೈಗೆ ಮೆಹಂದಿ ಹಚ್ಚಿಸಿಕೊಂಡು ಕೂತಿದ್ದಾಳೆ, ಒಣಗಲೊಲ್ಲದು, ಒಂದಿಷ್ಟು ಗಾಳಿ ಬೇಕು ಎಂದಳು. ನಾನು ತುಟಿ ತೋರಿಸಿದೆ. ಅವಳು ಹತ್ತಿರ ಬಂದು, ಒಡೆದ ಗಡಿಗೆಯನ್ನು ನೋಡುವವರ ಹಾಗೆ ಕತ್ತು ಓರೆಮಾಡಿ ನೋಡಿದಳು.

"ಯಾ ಅಲ್ಲಾ. ಕಾಕಾ, ಇದನ್ನ ಹೊತ್ಕೊಂಡು ಊರೆಲ್ಲಾ ತಿರಗಾಕತ್ತೀರೇನು? ಒಳಗ ಬರ್ರಿ."

"ಗಂಡಸರು ಬರೂ ಜಾಗಾ ಅಲ್ಲವಾ ಅದು."

"ಪರದೆ ಎಳೀತೀನಿ ಬರ್ರಿ. ಮದುಮಗಳು ನಿಮ್ಮ ಮಗಳ ವಾರಿಗಿಯಾಕಿ."

ಕನ್ನಡಿಯ ಮುಂದಿನ ತಿರುಗುವ ಕುರ್ಚಿಯಲ್ಲಿ ಕೂರಿಸಿದಳು. ಅಷ್ಟು ದೊಡ್ಡ ಕನ್ನಡಿಯಲ್ಲಿ ನನ್ನ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ಆಮೇಲೆ ಬೀರುವಿನ ಬೀಗ ತೆಗೆದು ಒಂದು ಡಬ್ಬಿ ತಂದಳು. ಎಲೆಅಡಿಕೆಯವರ ಸುಣ್ಣದ ಡಬ್ಬಿಗಿಂತ ಸ್ವಲ್ಪ ದೊಡ್ಡದು, ದಪ್ಪ ಗಾಜಿನದು, ಬಂಗಾರದ ಬಣ್ಣದ ಮುಚ್ಚಳ. ಅದರೊಳಗಿದ್ದದ್ದನ್ನು ತೆಗೆಯಲು ಬೆರಳು ಸಲ್ಲದು, ಅದಕ್ಕೇ ಒಂದು ಪುಟ್ಟ ಚಮಚೆ ಬೇರೆ. ಯಾವುದೋ ದೊಡ್ಡ ಮನೆಯ ಮದುವೆಗೆಂದು ಸಮುದ್ರದಾಚೆಯಿಂದ ತರಿಸಿದ್ದಂತೆ, ಹುಡುಗಿ ಎರಡು ಸಲ ಹಚ್ಚಿಕೊಂಡು ಬಿಟ್ಟುಹೋದಳಂತೆ.

"ಇದರ ರೇಟು ಎಷ್ಟವಾ?"

"ಹೇಳಿದ್ರ ನಿಮ್ಮ ಮ್ಯಾಲಿನ ತುಟೀನೂ ಸೀಳತೈತಿ, ಬ್ಯಾಡ ಬಿಡ್ರಿ. ತುಟಿ ವಾಸಿ ಆದಮ್ಯಾಲ ಈ ಲಗ್ನದ ತಿಂಗಳೆಲ್ಲಾ ನನ್ನ ಕಿಟಕಿಗೆ ದಿನಾ ಒಂದ ಸಿಳ್ಳು ಹಾಕ್ರಿ, ಸಾಕು."

ಚಮಚೆ ತುಟಿಯ ಹತ್ತಿರ ಬಂದಾಗ ನಾನು ಮುಖ ಹಿಂದೆ ತೆಗೆದೆ. "ಜಿಡ್ಡು ಐತೇನು ಇದು?"

"ಎಣ್ಣಿ ಅಲ್ಲ ಕಾಕಾ, ಬೆಣ್ಣಿ ಅಲ್ಲ. ಜೆಲ್ಲು. ಲಿಪ್ ಮಾಸ್ಕ್ ಅಂತಾರ."

ನಾನು ಆ ಮಾತನ್ನೇ ಹಿಡಿದುಕೊಂಡೆ. ನಮ್ಮಪ್ಪ ಎಣ್ಣೆ ಬೇಡ ಅಂದಿದ್ದ, ಬೆಣ್ಣೆ ಬೇಡ ಅಂದಿದ್ದ. ಜೆಲ್ಲಿನ ಹೆಸರೆತ್ತಿರಲಿಲ್ಲ.

ಮೊದಲು ಸಕ್ಕರೆಯಂಥದ್ದೇನನ್ನೋ ಹಚ್ಚಿ ಮೆಲ್ಲಗೆ ಉಜ್ಜಿದಳು. ಉಜ್ಜಿ ಕಾಗದದಿಂದ ಒರೆಸಿ ತೋರಿಸಿದಳು. ನನ್ನ ಮೂವತ್ತು ವರ್ಷದ ಗಾಳಿಯೆಲ್ಲ ಬೂದುಬಣ್ಣದ ಚೂರುಚೂರಾಗಿ ಆ ಕಾಗದದ ಮೇಲೆ ಕೂತಿತ್ತು. ಪರದೆಯ ಆಚೆಯಿಂದ ಮದುಮಗಳು ಕಿಸಕ್ಕೆಂದು ನಕ್ಕಳು. ಆಮೇಲೆ ಆ ಜೆಲ್ಲು. ತಣ್ಣಗಿತ್ತು, ಹಣ್ಣಾದ ಪೇರಲದ ವಾಸನೆ. ಸೀಳಿನೊಳಗೆ ಇಳಿದಾಗ ಉರಿಯುತ್ತದೆಂದು ಕುರ್ಚಿಯ ಕೈ ಹಿಡಿದುಕೊಂಡಿದ್ದೆ, ಉರಿಯಲಿಲ್ಲ. ಅದರ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಅಂಟಿಸಿ ಅರ್ಧ ಗಂಟೆ ಮಾತಾಡಬಾರದೆಂದು ಕೂರಿಸಿದಳು. ಏಳುವಾಗ ಡಬ್ಬಿಯನ್ನು ನನ್ನ ಕೈಗಿಟ್ಟು ಹೇಳಿದಳು:

"ಮೂರ ದಿನ ಮುಂಜಾನೆ ಸಂಜಿ ಹಚ್ಚಬೇಕು. ಕಾರಾ ತಿನಬಾರದು, ಬಿಸಿ ಚಾ ಕುಡೀಬಾರದು. ಮತ್ತ ಸಿಳ್ಳಂತೂ ಹಾಕೂಹಂಗಿಲ್ಲ."

"ಮೂರ ದಿನ ಗಾಳಿ ಇಲ್ಲದ ನಮ್ಮ ಮನಿಯಾಕಿ ಹೆಂಗ ಇರಬೇಕವಾ?"

ಅವಳು ಡಬ್ಬಿಯನ್ನು ಮತ್ತೆ ಇಸಿದುಕೊಂಡಳು. ಮುಚ್ಚಳವನ್ನು ತಾನೇ ಇನ್ನೊಮ್ಮೆ ಬಿಗಿಮಾಡಿ ಕೊಟ್ಟಳು.

ಮನೆಗೆ ಬಂದು ಸಾಂವಕ್ಕನಿಗೆ ಹೇಳಿದೆ. ಬೇಡ ಅನ್ನುತ್ತಾಳೆ, ಹೆದರುತ್ತಾಳೆ ಎಂದುಕೊಂಡಿದ್ದೆ. ಅವಳು ಡಬ್ಬಿ ತೆಗೆದು ಮೂಸಿ ನೋಡಿ, "ಮೂರ ದಿನ ಅಲ್ಲೇನು, ಹಚ್ಕೋರಿ," ಎಂದಳು. ಇಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಸರಿಬರಲಿಲ್ಲ. ನನ್ನ ತುಟಿಗಾಗಿ ತನ್ನ ಎದೆಯನ್ನು ಒತ್ತೆ ಇಡುತ್ತಿದ್ದಾಳೆ ಅನ್ನಿಸಿತು.

ಮೊದಲ ದಿನ ಮಧ್ಯಾಹ್ನ ಹೆಂಚು ಕಾಯುತ್ತಿದ್ದಂತೆ ನಾನು ಅವಳ ಮಂಚದ ಬಳಿ ಹೋಗಿ ಕೂತೆ. ಅವಳು ದಿಂಬಿಗೆ ಒರಗಿದ್ದಳು. ಉಸಿರಿನಲ್ಲಿ ಸಣ್ಣ ಕೊಳಲಿನ ದನಿ ಇತ್ತು. ಬೀಸಣಿಗೆ ಬೀಸಿದೆ. ಕೆಮ್ಮಲಿಲ್ಲ. ದಿನವೂ ಆ ಹೊತ್ತಿಗೆ ಬೆನ್ನು ಬಾಗುವಂತೆ ಕೆಮ್ಮುವವಳು ಒಮ್ಮೆಯೂ ಕೆಮ್ಮಲಿಲ್ಲ. ಕೆಮ್ಮುವುದಕ್ಕೂ ಉಸಿರು ಬೇಕಲ್ಲ, ಅಷ್ಟೂ ಉಳಿದಿಲ್ಲವೇ? "ಕೆಮ್ಮು ಬರವಲ್ದೇನು?" ಎಂದು ಕೇಳಿದೆ. "ಬಂದ್ರ ಕೆಮ್ಮತೀನಿ ತಗೋರಿ, ನಿಮ್ಮನ್ನ ಕೇಳಿ ಕೆಮ್ಮಬೇಕೇನು," ಎಂದಳು. ನಾನು ಎದ್ದುಹೋಗಿ ಬೆನ್ನು ತಿರುಗಿಸಿ ಡಬ್ಬಿ ತೆಗೆದು ಹಚ್ಚಿಕೊಂಡೆ. ಸಂಜೆಗೆ ಹಚ್ಚಬೇಕಾದದ್ದನ್ನು ಆಗಲೇ ಹಚ್ಚಿದೆ. ಬೇಗ ಹಚ್ಚಿದರೆ ಬೇಗ ವಾಸಿಯಾದೀತೆಂಬ ಆಸೆ.

ಎರಡನೆಯ ದಿನ ಕನ್ನಡಿಯಲ್ಲಿ ನೋಡಿಕೊಂಡರೆ ಸೀಳು ಗೆರೆಯಷ್ಟಾಗಿತ್ತು. ತುಟಿಗೆ ಗುಲಾಬಿ ಬಣ್ಣ ಬಂದಿತ್ತು. ಐವತ್ತೆರಡರ ಕಪ್ಪು ಮುಖದಲ್ಲಿ ಯಾರೋ ಎಳೆಗೂಸಿನ ತುಟಿ ತಂದು ಅಂಟಿಸಿದಂತೆ. ಹೊರಗೆ ಹೋಗುವಾಗ ಟವಲ್ಲಿನಿಂದ ಬಾಯಿ ಮುಚ್ಚಿಕೊಂಡು ಹೋದೆ. ಹಲ್ಲುನೋವೇನು ಎಂದು ನಾಲ್ಕು ಜನ ಕೇಳಿದರು, ಹೌದೆಂದೆ. ಆ ಎರಡು ದಿನದಲ್ಲಿ ಊರು ಬಿಗಿದುಕೊಂಡಿತ್ತು. ಒಲೆಯ ಹೊಗೆ ನಿಂತಲ್ಲೇ ನಿಂತು ಓಣಿಯ ಮೇಲೆ ಚಪ್ಪರ ಹಾಕಿತ್ತು. ಜನ ಒಬ್ಬರ ಮುಖ ಒಬ್ಬರು ನೋಡದೆ ನಡೆಯುತ್ತಿದ್ದರು. ಗುರುಸಿದ್ದವ್ವ ತಾನಾಗಿ ಬಾಗಿಲಿಗೆ ಬಂದು, "ನಾಳಿಗೇನು?" ಎಂದಳು. "ನಾಡದ," ಎಂದೆ ಟವಲ್ಲಿನೊಳಗಿನಿಂದ. ಅವಳು ನನ್ನ ಕಣ್ಣನ್ನೇ ನೋಡಿ ಹೋದಳು.

ಮೂರನೆಯ ದಿನ ಊಟವಾದ ಮೇಲೆ ಸಾಂವಕ್ಕ ಮಲಗಲಿಲ್ಲ. ಮಂಚದ ಅಂಚಿಗೆ ಬಂದು ಎರಡೂ ಕೈ ಮೊಣಕಾಲಿಗೆ ಊರಿ ಮುಂದಕ್ಕೆ ಬಾಗಿ ಕೂತಳು. ಹೆಗಲು ಏರಿ ಇಳಿಯುತ್ತಿತ್ತು. ಕೆಮ್ಮಿಲ್ಲ, ಮಾತಿಲ್ಲ, ಬರೀ ಹೆಗಲು. ಮನೆಯೊಳಗಿನ ಗಾಳಿಯನ್ನು ಕೈಯಿಂದ ಹಿಂಡಬಹುದಿತ್ತು. ಅವಳ ಮೇಲ್ದುಟಿಯ ಮೇಲೆ ಬೆವರು ಸಾಲಾಗಿ ನಿಂತಿತ್ತು, ಆ ಹನಿಗಳೂ ಕದಲುತ್ತಿರಲಿಲ್ಲ. "ಗುಳಿಗಿ ಕೊಡ್ಲಿ?" ಅಂದೆ. ಕೊಟ್ಟೆ. ಇಳಿಯಲಿಲ್ಲ. ಅವಳು ಕಿಟಕಿಯ ಕಡೆ ಕೈ ತೋರಿಸಿದಳು.

ಓಣಿಗೆ ಓಡಿದೆ. ಟವಲ್ಲಿನಿಂದ ಜೆಲ್ಲು ಒರೆಸಿಕೊಂಡೆ, ತುಟಿ ಮುಂದೆ ಮಾಡಿದೆ. ಸದ್ದೇ ಬರಲಿಲ್ಲ. ಮೂವತ್ತು ವರ್ಷ ನಾನು ಒರಟು ತುಟಿಯ ಸಂದಿಯಿಂದ ಸಿಳ್ಳೆ ಹಾಕಿದವನು. ಇದು ಜಾರುತ್ತಿತ್ತು, ಒಂದರ ಮೇಲೊಂದು ನಿಲ್ಲುತ್ತಲೇ ಇರಲಿಲ್ಲ. ಎರಡನೆಯ ಸಲವೂ ಬರಲಿಲ್ಲ. ಜೆಲ್ಲು ಅಂದರೂ ಜಿಡ್ಡೇ ಅದು, ಹೆಸರು ಬದಲಾದರೆ ಗಾಳಿಗೆ ತಿಳಿಯುವುದಿಲ್ಲವೇ, ನಾನೇ ನನ್ನ ಕೈಯಾರೆ ಇವಳ ಉಸಿರಿಗೆ ಮುಚ್ಚಳ ಬಿಗಿದೆ ಅನ್ನಿಸಿತು. ಕಿಟಕಿಯೊಳಗೆ ಅವಳ ಹೆಗಲು ಕಾಣುತ್ತಿತ್ತು. ಮೂರನೆಯ ಸಲ ತುಟಿಯನ್ನು ಬಿಗಿಹಿಡಿಯಲಿಲ್ಲ, ಸಡಿಲ ಬಿಟ್ಟೆ. ಚಿಕ್ಕಂದಿನಲ್ಲಿ ನಮ್ಮಪ್ಪ ಮೊದಲ ದಿನ ಕಲಿಸುವಾಗ ಬಿಟ್ಟ ಹಾಗೆ. ಒಂದು ಸಿಳ್ಳೆ ಬಂತು. ಅದು ನನ್ನದೆಂದು ನನಗೇ ಗುರುತು ಹತ್ತಲಿಲ್ಲ. ಸಣ್ಣಗೆ, ದುಂಡಗೆ, ಎಲ್ಲೂ ಮೊನೆಯಿಲ್ಲದೆ ಹೋಯಿತು.

ಗಾಳಿ ಬಂತು. ಕಿಟಕಿಯ ಬಾಗಿಲು ಬಡಿಯಲಿಲ್ಲ. ಓಣಿಯ ಧೂಳು ಏಳಲಿಲ್ಲ. ನೀರಿನೊಳಗೆ ನೀರು ಬಂದು ಸೇರಿದಂತೆ ಬಂದು ಒಳಗೆ ಹೋಯಿತು. ನಾನು ನಿಲ್ಲಿಸದೆ ಕರೆಯುತ್ತಲೇ ಇದ್ದೆ. ಬಹಳ ಹೊತ್ತಿನ ಮೇಲೆ ಒಳಗೆ ಇಣುಕಿದರೆ ಸಾಂವಕ್ಕ ದಿಂಬಿಗೆ ತಲೆ ಇಟ್ಟು ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಗಾಬರಿಯಾಗಿ ಓಡಿಹೋಗಿ ಮೂಗಿನ ಕೆಳಗೆ ಬೆರಳಿಟ್ಟೆ. ಬೆಚ್ಚಗೆ, ನಿಧಾನವಾಗಿ ಬರುತ್ತಿತ್ತು. ಹಗಲು ಹೊತ್ತು ಅವಳು ಮಲಗಿದ್ದನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ.

ಎದ್ದ ಮೇಲೆ ಚಹಾ ಕುಡಿಯುತ್ತ ಹೇಳಿದಳು: "ಇವತ್ತಿಂದು ಚಲೋ ಇತ್ತು."

"ದಿನಾ ಬರೂದ ಅಲ್ಲೇನು?"

"ದಿನಾ ಗಾಳಿಗಿಂತ ಮೊದಲ ಧೂಳಾ ಬರತಿತ್ತರಿ."

ನಾನು ಆರಿಸಿಕೊಂಡಿದ್ದ ಚಹಾದ ಬಟ್ಟಲು ಕೆಳಗಿಟ್ಟೆ. "ಅಂದ್ರ?"

"ಅಂದ್ರ ಏನೈತಿ. ಓಣಿಯೊಳಗಿನ ಧೂಳು, ಕಣದ ಹೊಟ್ಟು ಎಲ್ಲಾ ಹೊತ್ಕೊಂಡ ಬಂದು ಎದಿಯೊಳಗ ಹಾಕತಿತ್ತು. ಕೆಮ್ಮೂದು ಅದಕ್ಕ. ಕೆಮ್ಮಿ ಸುಸ್ತಾಗಿ ಸುಮ್ಮನಾಗತಿದ್ದೆ."

"ಹನ್ನೆರಡ ವರ್ಷ ಯಾಕ ಬಾಯಿ ಬಿಡಲಿಲ್ಲ ನೀನು?"

ಅವಳು ನನ್ನ ತುಟಿಯನ್ನು ನೋಡಿದಳು. "ನೀವು ತುಟಿ ಹರಕೊಂಡು ನನಗಂತ ಕರೀತಿದ್ರಿ. ರಕ್ತಾ ಒರಸ್ಕೋತ ಒಳಗ ಇಣುಕಿ, ಸಡ್ಲ ಆತೇನು ಅಂತ ಕೇಳತಿದ್ರಿ. ಬ್ಯಾಡ್ರಿ, ಇದರಿಂದ ಇನ್ನೂ ಜಾಸ್ತಿ ಆಗತೈತಿ ಅಂತ ಹೆಂಗ ಅನ್ನಲಿ?"

ನಾನು ಹನ್ನೆರಡು ವರ್ಷದ ಮಧ್ಯಾಹ್ನಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತ ಕೂತೆ. ಅವಳು ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಗುರುಸಿದ್ದವ್ವನ ಕಣಕ್ಕೆ ಹೋದೆ. ಟವಲ್ಲು ತೆಗೆಯಲೇಬೇಕಾಯಿತು.

"ಮಾವಾ, ಇನ್ನೊಂದ ಲಗ್ನಾ ಗೊತ್ತಾತೇನು?" ಎಂದ ಯಮನೂರಪ್ಪ.

ನಾನು ಸಿಳ್ಳೆ ಹಾಕಿದೆ. ಗಾಳಿ ಬಂತು, ನಿನ್ನೆ ಬಂದ ಹಾಗೆಯೇ. ಯಮನೂರಪ್ಪ ಮೊರ ಎತ್ತಿ ಸುರಿದ. ಕಾಳಿನ ಜೊತೆಗೆ ಹೊಟ್ಟೂ ನೆಟ್ಟಗೆ ಕೆಳಗೆ ಇಳಿದು ಅದೇ ರಾಶಿಯ ಮೇಲೆ ಕೂತಿತು. ಇನ್ನೊಂದು ಮೊರ ಸುರಿದ. ಅದೂ ಹಾಗೆಯೇ. ಅವನು ಮೂಗು ಏರಿಸಿದ. "ಯವ್ವಾ ಗುರುಸಿದ್ದವ್ವಾ, ಈ ಗಾಳಿ ಪೇರಲಹಣ್ಣ ನಾರಾಕತ್ತೈತಿ. ಹೊಟ್ಟು ಹಾರಸೂದಲ್ಲ ಇದು, ಜೋಗುಳ ಹಾಡೂದು."

ಗುರುಸಿದ್ದವ್ವ ನನ್ನ ಎದುರಿಗೆ ಬಂದು ನಿಂತಳು. "ಏನ ಹಚ್ಕೊಂಡೀ?"

"ಜೆಲ್ಲು."

"ಒರಸ್ಕೋ."

ಒರೆಸಿಕೊಂಡೆ. ಟವಲ್ಲಿನಿಂದ ಉರಿಯುವಂತೆ ಉಜ್ಜಿ ಮತ್ತೆ ಕರೆದೆ. ಗಾಳಿ ಬದಲಾಗಲಿಲ್ಲ. ಮೆತ್ತಗಾಗಿದ್ದದ್ದು ತುಟಿಯೇ.

"ಮೊದಲಿನ ತುಟಿ ತಗೊಂಡ ಬಾ, ಹುಚ್ಚೀರಪ್ಪ. ಆ ಡಬ್ಬಿ ಒಗದು ಬಿಸಲಾಗ ನಿಂದರು. ಎಂಟ ದಿನದಾಗ ಹಳೇ ಚರ್ಮ ಬರತೈತಿ. ಎಂಟ ದಿನ ನಾ ಕಾಯತೀನಿ."

ಅವಳು ಹೇಳಿದ್ದು ಸರಿಯೇ. ವರ್ಷದ ದುಡಿಮೆ ಅವಳ ಮುಂದೆ ಗುಡ್ಡೆಯಾಗಿ ಬಿದ್ದಿತ್ತು. ಹೌದೆಂದುಬಿಟ್ಟರೆ ಮುಗಿಯಿತು ಎಂದು ಬಾಯಿ ತೆರೆದೆ. ಬಾಯಿಗೆ ಬಂದದ್ದು ಬೇರೆ. "ಆ ಗಾಳಿ ನಮ್ಮ ಮನಿಯಾಕಿಗೆ ಆಗಿಬರೂದಿಲ್ಲ ಯವ್ವಾ. ಹನ್ನೆರಡ ವರ್ಷ ನನಗ ತಿಳೀಲಿಲ್ಲ. ಅದು ಬಂದ್ರ ಆಕಿ ಕೆಮ್ಮತಾಳ. ಇದು ಬಂದ್ರ ಮಲಗತಾಳ."

ಯಮನೂರಪ್ಪ ಮೊರ ಕೆಳಗಿಳಿಸಿದ. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗುರುಸಿದ್ದವ್ವ ರಾಶಿಯನ್ನೂ ನನ್ನನ್ನೂ ನೋಡಿದಳು. "ನಮಗ ಹೊಟ್ಟು ಹಾರಬೇಕು, ಆಕಿಗೆ ಉಸರು ಆಡಬೇಕು. ಇರೂದು ಒಂದ ತುಟಿ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಯಮನೂರಪ್ಪನಿಗೆ, "ಇಳಿ ನೀ," ಎಂದಳು.

ಅರವತ್ತರ ಹೆಂಗಸು ಸೀರೆ ಎತ್ತಿ ಸಿಕ್ಕಿಸಿಕೊಂಡು ಮೂರುಗಾಲಿನ ಮಣೆ ಹತ್ತಿದಳು. ದೊಡ್ಡ ಮೊರ ಬೇಡವೆಂದು ಅಡುಗೆಮನೆಯಲ್ಲಿ ಅಕ್ಕಿ ಕೇರುವ ಪುಟ್ಟ ಮೊರ ತರಿಸಿದಳು. ಎರಡು ಹಿಡಿಯಷ್ಟು ಹಾಕಿಸಿಕೊಂಡು, ಕೈಯನ್ನು ತಲೆಗಿಂತ ಮೇಲಕ್ಕೆತ್ತಿ, ರೊಟ್ಟಿಗೆ ಎಳ್ಳು ಉದುರಿಸುವಂತೆ ತೆಳ್ಳಗೆ ಬಿಡತೊಡಗಿದಳು. "ಕರಿ," ಎಂದಳು. ಕರೆದೆ. ಕಾಳು ಕೆಳಗೆ ಇಳಿಯಿತು. ಹೊಟ್ಟು ಗಾಳಿಯಲ್ಲಿ ಸ್ವಲ್ಪ ತಡೆದು, ಯೋಚನೆ ಮಾಡಿ, ಒಂದು ಮೊಳ ದೂರ ಹೋಗಿ ಬಿತ್ತು.

"ಹಿಂಗ ತೂರಿದ್ರ ಎಂಟ ದಿನ ಹಿಡೀತೈತಿ ಯವ್ವಾ," ಎಂದ ಯಮನೂರಪ್ಪ.

"ಇವನ ತುಟಿ ಒಡಿಯೂ ತನಕ ಕಾಯೂದೂ ಎಂಟ ದಿನಾನ. ಸುಮ್ಮನ ಕೂತು ಎಂಟ ದಿನ ಕಳಿಯೂದರ ಬದ್ಲಿ ತೂರಕೋತ ಕಳಿ. ಹೋಗು, ಮನಿಗಳಾಗ ಇದ್ದ ಸಣ್ಣ ಮೊರಾ ಎಲ್ಲಾ ತಗೊಂಡ ಬಾ."

ಹಾಗೆ ಶುರುವಾಯಿತು. ಮಣೆಗಳು ಸಾಲದೆ ಬಂಡಿಯ ಮೇಲೆ, ಕಾಳು ತುಂಬಿಡುವ ಹಗೇವಿನ ಕಟ್ಟೆಯ ಮೇಲೆ ನಿಂತರು. ನಾಲ್ಕೈದು ಜನ ಒಟ್ಟಿಗೆ, ಸಾಲಾಗಿ, ತೆಳ್ಳಗೆ. ಇಳಿದವರ ಕೈ ನೋವು, ಕತ್ತು ನೋವು, ನನಗೆ ಬೈಗುಳ. ಮಧ್ಯಾಹ್ನ ನಾನು ಮನೆಗೆ ಓಡಿಹೋಗಿ ಸಾಂವಕ್ಕನಿಗೆ ಕರೆದು ಮತ್ತೆ ಬರುತ್ತಿದ್ದೆ.

ನನಗೆ ಹೊಸದೊಂದು ಚಿಂತೆ ಹತ್ತಿತು. ದಿನವಿಡೀ ಕರೆದರೆ ಎಂಥ ತುಟಿಯೂ ಒಣಗುತ್ತದೆ. ದಿನಕ್ಕೆ ಎರಡು ಸಲ ಹಚ್ಚುವುದನ್ನು ಆರು ಸಲ ಹಚ್ಚಬೇಕಾಯಿತು. ನಾಲ್ಕನೆಯ ದಿನ ಚಮಚೆ ಗಾಜಿಗೆ ತಾಗಿ ಟಿಣ್ ಎಂದಿತು. ಐದನೆಯ ದಿನ ಅಂಚನ್ನು ಕೆರೆದೆ. ಶಮಶಾದಳ ಹತ್ತಿರ ಹೋದರೆ, ತರಿಸಲು ತಿಂಗಳಾದರೂ ಬೇಕು ಕಾಕಾ ಎಂದು ಕೈ ಚೆಲ್ಲಿದಳು. ಆರನೆಯ ದಿನ ಬೆಳಿಗ್ಗೆ ಕೆಳತುಟಿಯ ಮೇಲೆ ಸಣ್ಣ ಸಿಪ್ಪೆಯೊಂದು ಎದ್ದಿತ್ತು. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಹೊತ್ತು ಏರಿದಂತೆ ನನ್ನ ಸಿಳ್ಳೆಯಲ್ಲಿ ಹಳೆಯ ಗರಗರ ಕೇಳತೊಡಗಿತು. ಗಾಳಿಯ ಮುಂದೆ ನೆಲದ ಮೇಲೆ ಒಂದಿಷ್ಟು ಧೂಳು ಉರುಳಿತು.

"ಹಾಂ, ಬಂತು ನೋಡು ನಮ್ಮ ಹಳೇ ಗಾಳಿ," ಎಂದು ಯಮನೂರಪ್ಪ ದೊಡ್ಡ ಮೊರಕ್ಕೆ ಕೈ ಹಾಕಿದ. ಅವನ ಖುಷಿ ಸುಳ್ಳಲ್ಲ, ಆರು ದಿನದಿಂದ ಅವನ ಕೈ ಸೋತಿತ್ತು. ನಾನು ಸಿಳ್ಳೆ ನಿಲ್ಲಿಸಿದೆ. ಇನ್ನೆರಡು ತಾಸಿಗೆ ಮಧ್ಯಾಹ್ನ. ಈ ತುಟಿ ಹೊತ್ತುಕೊಂಡು ಆ ಕಿಟಕಿಯ ಮುಂದೆ ಹೇಗೆ ನಿಲ್ಲಲಿ? ಕರೆದರೆ ಧೂಳು. ಕರೆಯದಿದ್ದರೆ ಆ ಹೆಗಲು.

ಅಷ್ಟರಲ್ಲಿ ಹೆಂಗಸರೆಲ್ಲ ದಾರಿಯ ಕಡೆ ತಿರುಗಿದರು. ಸಾಂವಕ್ಕ ಬರುತ್ತಿದ್ದಳು. ತಲೆಯ ಮೇಲೆ ಬುತ್ತಿ, ನಡೆದುಕೊಂಡು, ಎರಡು ಕಡೆ ನಿಂತು ಸುಧಾರಿಸಿಕೊಂಡು. ಕಣದ ದಾರಿಗೆ ಅವಳು ಬರದೆ ಹನ್ನೆರಡು ವರ್ಷವಾಗಿತ್ತು. ಗುರುಸಿದ್ದವ್ವ ಮಣೆಯಿಂದ ಇಳಿದು ಹೋಗಿ ಬುತ್ತಿ ಇಳಿಸಿಕೊಂಡಳು. "ಯಾಕವಾ ಇಷ್ಟ ದೂರ?" ಎಂದರೆ, "ಗಾಳಿ ಎಲ್ಲಿ ಹೊಂಟೈತಿ ನೋಡೂಣು ಅಂತ ಬಂದೆ," ಎಂದಳು ಸಾಂವಕ್ಕ, ಉಸಿರು ಎಳೆದುಕೊಳ್ಳುತ್ತ.

ನನ್ನ ಮುಂದೆ ಕೂತು ಗಂಟು ಬಿಚ್ಚಿದಳು. ರೊಟ್ಟಿ ಕಟಕ್ ಆಗಿರಲಿಲ್ಲ, ಬಿಸಿ ಮೆತ್ತನೆಯ ರೊಟ್ಟಿ. ಅದರ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ. ಅದರ ಸುತ್ತ ಆಗಲೇ ಕರಗಿ ರೊಟ್ಟಿ ಹೊಳೆಯುತ್ತಿತ್ತು.

"ಇದೇನ ತಂದೀ," ಎಂದೆ. ದನಿ ಮೇಲೇಳಲಿಲ್ಲ.

"ಆ ಡಬ್ಬಿ ಖಾಲಿ ಆಗೇತಿ. ಮುಂಜಾನೆ ನೋಡಿದೆ."

"ಸಾಂವೀ, ಇದು ಜಿಡ್ಡು. ನಮ್ಮಪ್ಪ—"

"ಅದೂ ಜಿಡ್ಡ ಇತ್ತು. ನಾ ಮೂಸಿ ನೋಡಿದಾಗನ ಗೊತ್ತಾಗಿತ್ತು. ಗಾಳಿ ಬಿದ್ದಿತೇನು?"

ಕಣದಲ್ಲಿ ಎಲ್ಲರಿಗೂ ಕಟ್ಟುಪಾಡು ಗೊತ್ತು. ಯಮನೂರಪ್ಪ ಏನೋ ಅನ್ನಲು ಹೋದ, ಗುರುಸಿದ್ದವ್ವ ಕೈ ಅಡ್ಡ ಹಿಡಿದಳು. ಸಾಂವಕ್ಕ ತೋರುಬೆರಳಿನಿಂದ ಬೆಣ್ಣೆ ತೆಗೆದು, ಅಷ್ಟು ಜನರ ಎದುರಿಗೆ, ನನ್ನ ಕೆಳತುಟಿಗೆ ಹಚ್ಚಿದಳು. ಸಿಪ್ಪೆ ಎದ್ದ ಕಡೆ ಇನ್ನೊಂದು ಸಲ ಹಚ್ಚಿದಳು. ಬಾಯಿಗೆ ಉಪ್ಪಿಲ್ಲದ ಹೊಸ ಬೆಣ್ಣೆಯ ರುಚಿ ಬಂತು. ಸುಗ್ಗಿಯ ದಿನದಲ್ಲಿ ಆ ರುಚಿ ನಾನು ಹುಟ್ಟಿದಂದಿನಿಂದ ಕಂಡವನಲ್ಲ.

ಎದ್ದು ನಿಂತೆ. ಇದು ತಪ್ಪಾದರೆ ಇನ್ನು ಮುಂದೆ ಯಾವ ಮಧ್ಯಾಹ್ನಕ್ಕೂ ಗಾಳಿಯಿಲ್ಲ, ನನ್ನ ಮೊಮ್ಮಕ್ಕಳ ಕಾಲಕ್ಕೂ ಇಲ್ಲ. ತುಟಿಯನ್ನು ಸಡಿಲ ಬಿಟ್ಟು ಕರೆದೆ. ಸಿಳ್ಳೆ ಹೋಯಿತು. ಅದು ಹೋದ ದಿಕ್ಕನ್ನೇ ಎಲ್ಲರೂ ನೋಡುತ್ತಿದ್ದರು. ಮೊರ ಹಿಡಿದ ಕೈಗಳು ತಲೆಯ ಮೇಲೆ ಹಾಗೇ ನಿಂತಿದ್ದವು. ಬೇವಿನ ಎಲೆ ಅಲ್ಲಾಡಲಿಲ್ಲ. ಹೊಟ್ಟಿನ ರಾಶಿ ಅಲ್ಲಾಡಲಿಲ್ಲ. ನಾನು ಕೆಳಗೆ ಕೂತವಳ ಮುಖ ನೋಡಲು ಧೈರ್ಯ ಸಾಲದೆ ಅವಳ ಹೆಗಲನ್ನು ನೋಡಿದೆ.

ಹೆಗಲ ಮೇಲಿನ ಸೆರಗು ಮೆಲ್ಲಗೆ ಎದ್ದು, ಬೆನ್ನಿಗೆ ಬಿತ್ತು. ಅವಳು ಅದನ್ನು ಸರಿಮಾಡಿಕೊಳ್ಳಲಿಲ್ಲ.